ಓಡಿಬಂದ ತಮ್ಮ

ಕೊಟ್ಟೂರಿನ ಬಸ್ ನಿಲ್ದಾಣದ ಎದುರಿಗಿರುವ ಸಾಲು ಮಳಿಗೆಗಳಲ್ಲಿ ಮೂರನೆಯದು ಕೊಟ್ರಬಸಮ್ಮನದು. ಜೆರಾಕ್ಸ್, ಲ್ಯಾಮಿನೇಷನ್, ಮದುವೆ ಕಾರ್ಡು, ಪಹಣಿಗೆ ಅರ್ಜಿ, ಇವೆಲ್ಲ ಅಲ್ಲಿ ಆಗುತ್ತವೆ. ಅಂಗಡಿಯ ಜೊತೆಗೆ ಹದಿನಾಲ್ಕು ವರ್ಷದಿಂದ ಅವಳು ಒಂದು ಜಿಲ್ಲಾ ದಿನಪತ್ರಿಕೆಗೆ ಸುದ್ದಿ ಕಳಿಸುತ್ತ ಬಂದಿದ್ದಳು. ನೀರಿಗಾಗಿ ಖಾಲಿ ಕೊಡ ಹಿಡಿದು ಪ್ರತಿಭಟನೆ, ಶಾಲೆಯ ವಾರ್ಷಿಕೋತ್ಸವ, ಬೈಕಿನಿಂದ ಬಿದ್ದು ಒಬ್ಬರಿಗೆ ಗಾಯ. ನಾಲ್ಕು ಸಾಲು, ಹೆಚ್ಚೆಂದರೆ ಎಂಟು. ಯಾರು, ಎಲ್ಲಿ, ಯಾವಾಗ, ಏನಾಯಿತು ಎಂಬುದನ್ನು ಅಷ್ಟರಲ್ಲೇ ಅಡಕ ಮಾಡುವುದು ಅವಳಿಗೆ ಪಳಗಿದ ಕೆಲಸ. ಹೆಸರು ಮಾತ್ರ ಎಲ್ಲಿಯೂ ಬರುತ್ತಿರಲಿಲ್ಲ. ‘ನಮ್ಮ ವರದಿಗಾರರಿಂದ’ ಎಂದಿದ್ದರೆ ಅದು ಕೊಟ್ರಬಸಮ್ಮ ಎಂದು ಊರಿನವರಿಗೆ ಗೊತ್ತಿತ್ತು, ಹೊರಗಿನವರಿಗೆ ಗೊತ್ತಿರಲಿಲ್ಲ.

ಕಳೆದ ವರ್ಷ ಆಷಾಢದಲ್ಲಿ ಹುಬ್ಬಳ್ಳಿಯಿಂದ ಅವಳಿಗೆ ಒಂದು ಫೋನ್ ಬಂತು. ಮಾತಾಡಿದವನು ಪ್ರವೀಣಕುಮಾರ್, ಒಂದು ಮಾಸಪತ್ರಿಕೆಯ ಸಂಪಾದಕ.

“ಕೂಡ್ಲಿಗಿ ಕಡೆ ಕರಡಿ ದಾಳಿಗೆ ಸಿಕ್ಕವರ ಬಗ್ಗೆ ಒಂದು ದೀರ್ಘ ಲೇಖನ ಬೇಕು ಮೇಡಂ. ಕರಡಿ ಕಚ್ಚಿದ ಮಾರನೇ ದಿನದ್ದು ಎಲ್ಲಾ ಪೇಪರಿನಲ್ಲೂ ಬಂದಿದೆ. ಅದಾದ ಮೇಲಿನ ಹತ್ತು ವರ್ಷದ್ದು ಯಾರೂ ಬರೆದಿಲ್ಲ. ಒಬ್ಬರ ಬದುಕನ್ನು ಹಿಡಿದುಕೊಂಡು ಬರೀರಿ. ನಾಲ್ಕು ಸಾವಿರ ಪದ ಇರಲಿ. ನಿಮ್ಮ ಹೆಸರಿನಲ್ಲೇ ಹಾಕ್ತೀವಿ.”

ಆಯಿತು ಎಂದು ಹೇಳಿ ಫೋನ್ ಇಟ್ಟಳು. ಇಟ್ಟ ಮೇಲೆ ಲೆಕ್ಕ ಹಾಕಿದಳು. ನಾಲ್ಕು ಸಾವಿರ ಪದವೆಂದರೆ ಅವಳ ಇಡೀ ಒಂದು ತಿಂಗಳ ಸುದ್ದಿಯನ್ನು ಒಟ್ಟು ಮಾಡಿದರೂ ಆಗುತ್ತಿರಲಿಲ್ಲ. ಗಂಡ ಬಸವೇಶ ಪಕ್ಕದ ಓಣಿಯಲ್ಲಿ ಮೋಟಾರ್ ರಿವೈಂಡಿಂಗ್ ಮಾಡುತ್ತಾನೆ. ಮಧ್ಯಾಹ್ನ ಊಟಕ್ಕೆ ಬಂದವನು ಹೆಂಡತಿಯ ಮುಖ ನೋಡಿದ.

“ಅಷ್ಟು ಹೆದರಿಕಿ ಆದ್ರ ಬ್ಯಾಡ ಅಂದುಬಿಡು.”

“ಹೆದರಿಕಿ ಆಗಾಕತ್ತೈತಿ ಅಂತನ ಹೂಂ ಅಂದೀನ್ರಿ,” ಎಂದಳು. ಹಾಗೆಂದರೇನು ಎಂದು ಅವನೂ ಕೇಳಲಿಲ್ಲ, ಅವಳಿಗೂ ಗೊತ್ತಿರಲಿಲ್ಲ.

ಕೂಡ್ಲಿಗಿಯಿಂದ ಗುಡೇಕೋಟೆಯ ಕಡೆಗೆ ಹೋದಂತೆ ನೆಲ ಕಲ್ಲಾಗುತ್ತದೆ. ಬಂಡೆಯ ಮೇಲೆ ಬಂಡೆ ಹೇರಿದ ಗುಡ್ಡಗಳು, ನಡುನಡುವೆ ಶೇಂಗಾ ಹೊಲ. ಬಂಡೆಯ ಸಂದಿಗಳಲ್ಲಿ ಕರಡಿಗಳು ಇರುತ್ತವೆ. ಆ ಗುಡ್ಡಗಳ ಬುಡದಲ್ಲಿ ಮಾಕನಹಟ್ಟಿ ಎಂಬ ಚಿಕ್ಕ ಊರಿದೆ. ನಾಲ್ಕಾರು ಕಡೆ ವಿಚಾರಿಸಿದ ಮೇಲೆ ಕೊಟ್ರಬಸಮ್ಮ ಅಲ್ಲಿಯ ಹುಲುಗಣ್ಣನನ್ನು ಆರಿಸಿಕೊಂಡಳು. ಅವನಿಗೆ ಈಗ ಐವತ್ತು. ಎಡಗಣ್ಣು ಇಲ್ಲ. ಕೆನ್ನೆಯನ್ನು ಹೊಲಿದ ಗುರುತು ತುಟಿಯ ತನಕ ಇಳಿದಿದೆ. ನೀರು ಕುಡಿಯುವಾಗ ತಲೆಯನ್ನು ಬಲಕ್ಕೆ ವಾಲಿಸಬೇಕು, ಇಲ್ಲದಿದ್ದರೆ ಸೋರಿಹೋಗುತ್ತದೆ. ಕಟ್ಟೆಯ ಮೇಲೆ ಕೂತರೆ ಎಡಭಾಗ ಗೋಡೆಗೆ ಬರುವಂತೆ ಕೂರುತ್ತಾನೆ. ಮಾತು ಮೊದಮೊದಲು ತಿಳಿಯುವುದಿಲ್ಲ, ಒಂದು ತಾಸು ಕೂತರೆ ಕಿವಿ ಹೊಂದಿಕೊಳ್ಳುತ್ತದೆ.

ಮೊದಲ ಎರಡು ಸಲ ಹೋದಾಗ ಅವಳು ಬರೀ ಕೇಳಿಸಿಕೊಂಡಳು. ನೆಂಟರ ಮದುವೆಗೆ ಹೋಗಲು ಅವನು ಎಷ್ಟು ಹಿಂಜರಿಯುತ್ತಾನೆ, ಆಧಾರ್ ಕಾರ್ಡಿಗೆ ಫೋಟೊ ತೆಗೆಯುವಾಗ ಏನಾಯಿತು, ಮಗಳು ಚಿಕ್ಕವಳಿದ್ದಾಗ ತಂದೆಯ ಮುಖವನ್ನು ಮುಟ್ಟಿ ಮುಟ್ಟಿ ನೋಡುತ್ತಿದ್ದದ್ದು, ಎಲ್ಲವನ್ನೂ ಬರೆದುಕೊಂಡಳು. ನೋಟುಬುಕ್ ಅರ್ಧ ತುಂಬಿತು. ಆದರೆ ಲೇಖನವನ್ನು ಎಲ್ಲಿಂದ ಶುರು ಮಾಡಬೇಕೆಂಬುದು ತಿಳಿಯಲಿಲ್ಲ. ಪ್ರವೀಣಕುಮಾರನಿಗೆ ಫೋನ್ ಮಾಡಿ ಕೇಳಿದಳು.

“ಆ ಬೆಳಿಗ್ಗೆ ನಡೆದದ್ದು ಓದುವವರ ಕಣ್ಣಿಗೆ ಕಾಣಬೇಕು,” ಎಂದ ಅವನು. “ಏನು ಉಟ್ಟಿದ್ದರು, ಕೈಯಲ್ಲಿ ಏನಿತ್ತು, ಮೊದಲು ನೋಡಿದವರು ಯಾರು. ಸಣ್ಣದು ಅಂತ ಯಾವುದನ್ನೂ ಬಿಡಬೇಡಿ. ಒಬ್ಬರು ಹೇಳಿದ್ದನ್ನು ಇನ್ನಿಬ್ಬರ ಹತ್ತಿರ ಕೇಳಿ.”

ಮೂರನೆಯ ಸಲ ಹೋದಾಗ ಹುಲುಗಣ್ಣನನ್ನು ಅದನ್ನೇ ಕೇಳಿದಳು.

“ನನಗ ಏನೂ ನೆನಪಿಲ್ರಿ,” ಎಂದ ಹುಲುಗಣ್ಣ. “ಕರಡಿ ಮೈಮ್ಯಾಲ ಬಿದ್ದದ್ದು ಅಷ್ಟ ಗೊತ್ತು. ಕಣ್ಣು ಬಿಟ್ಟಾಗ ಬಳ್ಳಾರಿ ದವಾಖಾನಿ. ನಡುವಿಂದೆಲ್ಲ ಪೇಪರ್ನಾಗ ಐತಿ. ಲೇ ಗಾಳೆಮ್ಮ, ಅದನ್ನ ತಗಂಬಾ.”

ಹೆಂಡತಿ ಗಾಳೆಮ್ಮ ಒಳಗಿಂದ ರೇಷನ್ ಕಾರ್ಡಿನ ಪ್ಲಾಸ್ಟಿಕ್ ಚೀಲ ತಂದಳು. ಅದರೊಳಗೆ ಮಡಿಕೆಯ ಗೆರೆಯಲ್ಲಿ ಹರಿದುಹೋದ ಒಂದು ಪೇಪರ್ ತುಂಡಿತ್ತು. ಕೊಟ್ರಬಸಮ್ಮ ಅದನ್ನು ಬಿಡಿಸಿ ಓದಿದಳು.

‘ಕೂಡ್ಲಿಗಿ: ತಾಲ್ಲೂಕಿನ ಮಾಕನಹಟ್ಟಿ ಬಳಿ ಗುರುವಾರ ಬೆಳಿಗ್ಗೆ ಶೇಂಗಾ ಹೊಲದಿಂದ ಮರಳುತ್ತಿದ್ದ ಹುಲುಗಣ್ಣ (36) ಎಂಬುವರ ಮೇಲೆ ಕರಡಿ ದಾಳಿ ನಡೆಸಿ ತೀವ್ರವಾಗಿ ಗಾಯಗೊಳಿಸಿದೆ. ಜೊತೆಗಿದ್ದ ತಮ್ಮ ಓಡಿಹೋಗಿ ಪಾರಾಗಿದ್ದಾನೆ. ಗಾಯಾಳುವನ್ನು ಬಳ್ಳಾರಿಯ ಆಸ್ಪತ್ರೆಗೆ ದಾಖಲಿಸಲಾಗಿದೆ.’ ಕೆಳಗೆ ‘ನಮ್ಮ ವರದಿಗಾರರಿಂದ’.

ಅದು ಅವಳ ಪತ್ರಿಕೆ. ತಾರೀಕು ನೋಡಿದಳು. ಅವಳು ಕೆಲಸಕ್ಕೆ ಸೇರಿದ ಎರಡನೆಯ ತಿಂಗಳು. ಆಗ ಕೂಡ್ಲಿಗಿಯ ವರದಿಗಾರ ಕಾಲು ಮುರಿದುಕೊಂಡು ರಜೆಯಲ್ಲಿದ್ದ, ಆ ತಾಲ್ಲೂಕಿನ ಸುದ್ದಿಯನ್ನೂ ಕೊಟ್ಟೂರಿನಿಂದ ಅವಳೇ ಕಳಿಸುತ್ತಿದ್ದಳು. ಎಷ್ಟೋ ಸುದ್ದಿಗಳಲ್ಲಿ ಒಂದಾಗಿ ಇದೂ ಹೋಗಿತ್ತು. ಮಾರನೇ ದಿನವೇ ಮರೆತಿದ್ದಳು.

“ತಮ್ಮ ಅಂದ್ರ?” ಎಂದು ಕೇಳಿದಳು.

“ಅವನ ಸುದ್ದಿ ಬ್ಯಾಡ್ರಿ ಅಕ್ಕಾರ,” ಎಂದಳು ಗಾಳೆಮ್ಮ. ಬೇಡ ಎಂದವಳೇ ಮುಂದೆ ಎಲ್ಲವನ್ನೂ ಹೇಳಿದಳು. ತಮ್ಮನ ಹೆಸರು ರಾಮಾಂಜನೇಯ. ಆಗ ಇಪ್ಪತ್ನಾಲ್ಕರ ಹುಡುಗ. ಆ ದಿನ ಅವನು ಕರಡಿ ಕರಡಿ ಎಂದು ಕೂಗುತ್ತ ಊರಿಗೆ ಬಂದ. ಜನ ಟ್ರಾಕ್ಟರ್ ತಗೊಂಡು ಹೋದರು. ಎರಡು ದಿನ ಬಿಟ್ಟು ಚಹಾದಂಗಡಿಯಲ್ಲಿ ಯಾರೋ ಪೇಪರ್ ಓದಿ ಹೇಳಿದರು. ಅಣ್ಣನನ್ನು ಕರಡಿಯ ಬಾಯಿಗೆ ಬಿಟ್ಟು ಓಡಿದವನು ಎಂದಾಯಿತು. ಹಡಗಲಿ ಕಡೆಯ ಹೆಣ್ಣಿನೊಂದಿಗೆ ಅವನ ಮದುವೆ ಗೊತ್ತಾಗಿತ್ತು. ಆ ಬೀಗರು ಅದೇ ಪೇಪರ್ ಹಿಡಿದುಕೊಂಡು ಬಂದು, ಕೂಡಹುಟ್ಟಿದವನನ್ನೇ ಬಿಟ್ಟು ಓಡಿದವನು ನಾಳೆ ನಮ್ಮ ಮಗಳನ್ನು ಏನು ಕಾಯುತ್ತಾನೆ ಎಂದು ಕೇಳಿ ಎದ್ದುಹೋದರು. ಬಳ್ಳಾರಿಯಿಂದ ಗಂಡನನ್ನು ಮನೆಗೆ ಕರೆತಂದ ದಿನ ಗಾಳೆಮ್ಮನೇ ಮೈದುನನ ಮುಂದಿನ ತಾಟು ಎತ್ತಿಟ್ಟಿದ್ದಳು. ಅವನು ಎದ್ದು ಹೋದವನು ಈಗ ಹರಪನಹಳ್ಳಿಯಲ್ಲಿ ಮೆಕ್ಕೆಜೋಳದ ಮಂಡಿಯಲ್ಲಿ ಹಮಾಲಿ.

“ನಾವು ಹಂಗ ಬಿಡತಿರಲಿಲ್ರಿ,” ಎಂದ ಹುಲುಗಣ್ಣ. “ಬಾಯಿಮಾತು ಆಗಿದ್ರ ಬ್ಯಾರೆ. ಪೇಪರ್ನಾಗ ಬಂದೈತಲ್ಲ.”

ಕೊಟ್ರಬಸಮ್ಮ ಆ ತುಂಡನ್ನು ಮಡಿಸಿ ವಾಪಸು ಕೊಟ್ಟಳು. ಇದನ್ನು ಬರೆದವಳು ನಾನೇ ಎಂದು ಹೇಳಲು ಬಾಯಿ ತೆರೆದಳು, ಬರೀ ನೀರು ಕೇಳಿದಳು.

ವಾಪಸು ಬರುವ ಬಸ್ಸಿನಲ್ಲಿ ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಬರೆದದ್ದು ಸುಳ್ಳೆಂದು ಯಾರು ಹೇಳಿದರು? ಓಡಿದ್ದು ನಿಜವೇ ಇರಬಹುದು. ಹೆಸರಂತೂ ಇಲ್ಲ. ಈ ಲೇಖನವನ್ನು ಹುಲುಗಣ್ಣನ ಮುಖದ ಬಗ್ಗೆ ಮಾತ್ರ ಬರೆದು ಮುಗಿಸಿದರೆ ತಮ್ಮನ ಮಾತೇ ಬರಬೇಕಿಲ್ಲ. ಹೀಗೆ ಕೂಡ್ಲಿಗಿ ಬರುವ ತನಕ ಹೇಳಿಕೊಂಡಳು. ಕೂಡ್ಲಿಗಿಯಲ್ಲಿ ಇಳಿದು ಕೊಟ್ಟೂರಿನ ಬಸ್ಸಿಗೆ ಕಾಯುವಾಗ ಆ ಸಮಾಧಾನ ನಿಲ್ಲಲಿಲ್ಲ. ಒಬ್ಬರು ಹೇಳಿದ್ದನ್ನು ಇನ್ನಿಬ್ಬರ ಹತ್ತಿರ ಕೇಳಿ ಎಂದಿದ್ದ ಸಂಪಾದಕ. ಇಲ್ಲಿ ಹೇಳಿದವಳು ಅವಳೇ. ಇನ್ನಿಬ್ಬರನ್ನು ಕೇಳಲೇಬೇಕಿತ್ತು.

ವಾರ ಬಿಟ್ಟು ಮತ್ತೆ ಮಾಕನಹಟ್ಟಿಗೆ ಹೋದಳು. ಆ ದಿನ ಟ್ರಾಕ್ಟರ್ ಓಡಿಸಿದವನು ತಿಪ್ಪೇಶ. ಅವನು ಹೊಲದ ಬದುವಿನಲ್ಲಿ ಸಿಕ್ಕ.

“ನೀವು ಹೋದಾಗ ಹುಲುಗಣ್ಣಾರು ಹೆಂಗ ಬಿದ್ದಿದ್ರು?”

“ಬಂಡೆ ಮ್ಯಾಲ ಮಲಗಿದ್ರು. ಅಗಲದ್ದೊಂದು ಬಂಡೆಗಲ್ಲು ಐತಿ, ಅದರ ಮ್ಯಾಲ. ಮುಖಕ್ಕ ಟವಲ್ ಸುತ್ತಿತ್ತು.”

“ಯಾರು ಸುತ್ತಿದ್ರು?”

“ಯಾರು ಸುತ್ತಿದ್ರು ಅಂದ್ರ…” ತಿಪ್ಪೇಶ ಕೈಯಲ್ಲಿದ್ದ ಕುಡುಗೋಲನ್ನು ಕೆಳಗಿಟ್ಟ. “ನಾವಂತೂ ಸುತ್ತಿಲ್ರಿ. ನಾವು ಹೋಗೂದ್ರಾಗ ಸುತ್ತೇ ಇತ್ತು. ಬಿಗಿ ಗಂಟು ಹಾಕಿತ್ತು. ದವಾಖಾನ್ಯಾಗ ಕತ್ತರೀಲೆ ಕೊಯ್ದು ತಗದ್ರು.”

“ಕರಡಿ ಬಿದ್ದದ್ದು ಬಂಡೆ ಹತ್ರನ?”

“ಇಲ್ರಿ, ಕಾಲ್ದಾರ್ಯಾಗ. ರಕ್ತ ಎಲ್ಲ ಅಲ್ಲೇ ಇತ್ತು. ಬಂಡೆಗೂ ದಾರಿಗೂ ಇಪ್ಪತ್ತು ಹೆಜ್ಜಿ ಆಕೈತಿ.” ಅವನು ಗುಡ್ಡದ ಕಡೆ ನೋಡುತ್ತ ನಿಂತ. “ಈ ಮಾತು ನಮ್ಮನ್ನ ಯಾರೂ ಕೇಳಿದ್ದೇ ಇಲ್ಲ ನೋಡ್ರಿ,” ಎಂದ.

ಟ್ರಾಕ್ಟರಿನಲ್ಲಿ ಹೋಗಿದ್ದ ಇನ್ನಿಬ್ಬರನ್ನು ಬೇರೆ ಬೇರೆಯಾಗಿ ಕೇಳಿದಳು. ಒಬ್ಬ ಟವೆಲ್ ಕೆಂಪು ಅಂದ, ಇನ್ನೊಬ್ಬ ಬಿಳಿಯದೇ ರಕ್ತಕ್ಕೆ ಕೆಂಪಾಗಿತ್ತು ಅಂದ. ಮೊದಲೇ ಸುತ್ತಿತ್ತು ಎಂಬುದರಲ್ಲಿ ಮಾತ್ರ ಇಬ್ಬರದೂ ಒಂದೇ ಮಾತು.

ಅರಣ್ಯ ಇಲಾಖೆಯಲ್ಲಿ ವಾಚರ್ ಆಗಿದ್ದ ಗಾದಿಲಿಂಗಪ್ಪ ನಿವೃತ್ತನಾಗಿ ಕೂಡ್ಲಿಗಿಯಲ್ಲಿದ್ದ. ಆ ದಿನ ಸ್ಥಳಕ್ಕೆ ಹೋಗಿ ನೋಡಿದವನು ಅವನೇ. ಮುದುಕ ತನ್ನ ಹಳೆಯ ಪಾಕೆಟ್ ಡೈರಿಗಳನ್ನು ಬಿಸಾಡಿರಲಿಲ್ಲ. ಕನ್ನಡಕ ಏರಿಸಿಕೊಂಡು ಆ ವರ್ಷದ್ದನ್ನು ಹುಡುಕಿ ತೆಗೆದ. ‘ಮುರಿದ ಬಡಿಗೆ 1, ಅದರ ಮೇಲೆ ಕರಡಿ ಕೂದಲು. ಹರಿದ ಕಂಬಳಿ. ಗಾಯಾಳುವನ್ನು ಎಳೆದ ಗುರುತು, ಬಂಡೆಯವರೆಗೆ.’

“ಬಡಿಗಿ ಯಾರದು ಅಜ್ಜಾರ?”

“ತಮ್ಮಂದು. ಹುಡುಗ ಅದನ್ನ ಬಡಿದು ಬಡಿದು ಮುರಿದಾನ. ಕರಡಿ ಬಿಟ್ಟು ಹೋದ ಮ್ಯಾಲ ಅಣ್ಣನ್ನ ಎಳಕೊಂಡು ಬಂಡೆ ಮ್ಯಾಲ ಹಾಕಿ, ಮುಖ ಕಟ್ಟಿ, ಊರಿಗೆ ಓಡ್ಯಾನ. ಫೋನ್ ಇರಲಿಲ್ಲ ಅವನ ಹತ್ರ. ನನಗ ಅವನ ಹೇಳಿದ.”

“ಇದನ್ನ ಆವಾಗ ಯಾರಿಗೂ ಹೇಳಲಿಲ್ಲೇನ್ರಿ?”

“ಆಫೀಸಿಗೆ ಬರಕೊಟ್ಟೀನಿ. ಒಬ್ಬಾಕಿ ಪೇಪರ್ನಾಕಿ ಫೋನ್ ಮಾಡಿದ್ಲು, ಆಕಿಗೂ ಹೇಳೀನಿ. ತಮ್ಮ ಓಡಿಬಂದು ಊರಿಗೆ ತಿಳಿಸ್ಯಾನ ಅಂತ ಸ್ವಚ್ಛ ಹೇಳೀನಿ.” ಮುದುಕ ಕನ್ನಡಕ ಇಳಿಸಿದ. “ಯಾಕ, ಏನಾತು?”

ಅವಳು ಡೈರಿಯಲ್ಲಿದ್ದದ್ದನ್ನು ನೋಟುಬುಕ್ಕಿಗೆ ಬರೆದುಕೊಂಡಳು.

ಇನ್ನೂ ಒಂದು ಆಸೆ ಉಳಿದಿತ್ತು. ಸುದ್ದಿ ಕಳಿಸಿದ ಮೇಲೆ ಪತ್ರಿಕೆಯ ಕಚೇರಿಯಲ್ಲಿ ಕೂತವರು ಸಾಲು ಕಡಿಮೆ ಮಾಡಲು ಪದಗಳನ್ನು ತಿದ್ದುತ್ತಾರೆ. ಅವರ ಕೈಯಲ್ಲಿ ಹಾಳಾಗಿರಬಹುದು. ಆ ಭಾನುವಾರ ಬೆಳಿಗ್ಗೆ ಸ್ಟೂಲ್ ಹಾಕಿಕೊಂಡು ಅಟ್ಟದ ಮೇಲಿದ್ದ ಹಳೆಯ ನೋಟುಬುಕ್ಕುಗಳ ಚೀಲವನ್ನು ಇಳಿಸಿದಳು. ಇಲಿ ತಿಂದವು ಕೆಲವು, ನೀರಿಗೆ ಅಂಟಿಕೊಂಡವು ಕೆಲವು. ತನಗೆ ಬೇಕಾದ್ದು ಸಿಗದಿದ್ದರೆ ಒಳ್ಳೆಯದಿತ್ತು ಎಂದುಕೊಳ್ಳುತ್ತಲೇ ಹುಡುಕಿದಳು. ಅದು ಸಿಕ್ಕಿತು. ಹಾಳೆಯ ಮೇಲುಗಡೆ ಫೋನಿನಲ್ಲಿ ಕೇಳಿ ಗೀಚಿಕೊಂಡದ್ದು: ‘ತಮ್ಮ ಓಡಿಬಂದು ಊರಿಗೆ ಹೇಳಿದ’. ಕೆಳಗೆ ಕಳಿಸುವ ಮುಂಚೆ ಚೊಕ್ಕವಾಗಿ ಬರೆದ ನಾಲ್ಕು ಸಾಲು. ‘ಜೊತೆಗಿದ್ದ ತಮ್ಮ ಓಡಿಹೋಗಿ ಪಾರಾಗಿದ್ದಾನೆ.’ ಅವಳದೇ ದುಂಡನೆಯ ಅಕ್ಷರ. ಸುದ್ದಿಗೆ ಒಂದು ಮುಕ್ತಾಯ ಇರಲೆಂದು ಹಾಕಿದ ಮಾತು. ಆಗ ಅದು ಚೆನ್ನಾಗಿದೆ ಅನ್ನಿಸಿರಬೇಕು.

ಬಸವೇಶ ಬಂದು ನೋಡಿದಾಗ ಅವಳು ಧೂಳಿನ ನಡುವೆ ಕೂತಿದ್ದಳು. ವಿಷಯ ಕೇಳಿ ಅವನು ಪಕ್ಕದಲ್ಲಿ ಕೂತ.

“ಬೇಕಂತ ಬರದಿದ್ದೇನ?”

“ಇಲ್ಲ.”

“ಮತ್ತ?”

“ಬೇಕಂತ ಬರದಿದ್ರ ಕಾರಣ ಆದ್ರೂ ಇರ್ತಿತ್ತು ಅಲ್ರೀ,” ಎಂದಳು.

ಹರಪನಹಳ್ಳಿಗೆ ಹೋಗಲು ಅವಳಿಗೆ ಹತ್ತು ದಿನ ಬೇಕಾಯಿತು. ಇವತ್ತು ಅಂಗಡಿಯಲ್ಲಿ ಕೆಲಸ, ನಾಳೆ ಮಳೆ, ನಾಡಿದ್ದು ಮೈ ಬೆಚ್ಚಗೆ. ಹನ್ನೊಂದನೆಯ ದಿನ ಬಸ್ ಹತ್ತಿದಳು. ಮಂಡಿಯ ಅಂಗಳದಲ್ಲಿ ಮೆಕ್ಕೆಜೋಳ ಒಣಹಾಕಿದ್ದರು. ರಾಮಾಂಜನೇಯ ಯಾರು ಎಂದು ಕೇಳಿದಾಗ ಒಬ್ಬರು ಬೆರಳು ತೋರಿಸಿದರು. ಗಟ್ಟಿ ಆಳು, ಕಿವಿಯ ಮೇಲೆ ಬೆಳ್ಳಗಾದ ಕೂದಲು. ಕೊಂಡಿ ಹಾಕಿ ಚೀಲ ಎತ್ತಿ ಬೆನ್ನಿಗೆ ಹಾಕಿಕೊಂಡು ಲಾರಿಗೆ ನಡೆಯುತ್ತಿದ್ದ. ಚೀಲ ಇಳಿಸಿ ಬಂದಾಗ ಅವಳು ಹೆಸರು ಹೇಳಿ, ಮಾಕನಹಟ್ಟಿಯ ಕರಡಿ ದಾಳಿಯ ಬಗ್ಗೆ ಬರೆಯುತ್ತಿದ್ದೇನೆ ಎಂದಳು.

“ಅದನ್ನ ಆಗ್ಲೇ ಬರದಾರಲ್ರಿ,” ಎಂದ ಅವನು. ಮುಖದಲ್ಲಿ ಏನೂ ಇರಲಿಲ್ಲ.

“ಅದು ತಪ್ಪು ಐತಿ.”

“ಯಾರು ಬರದಾರ ಅಂತ ಗೊತ್ತೇನ್ರಿ ನಿಮಗ? ನಾನು ಆವಾಗ ಬಳ್ಳಾರಿಗೆ ಹೋಗಿ ಆಫೀಸಿನಾಗ ಕೇಳಿದ್ದೆ. ಯಾರೂ ಹೇಳಲಿಲ್ಲ.”

ಸುತ್ತ ಜನ ಓಡಾಡುತ್ತಿದ್ದರು.

“ನಾನೇ ಬರದಿದ್ದು,” ಎಂದಳು.

ರಾಮಾಂಜನೇಯ ಅವಳನ್ನು ನೋಡಿದ. ಕೊಂಡಿಯನ್ನು ಭುಜಕ್ಕೆ ಸಿಕ್ಕಿಸಿಕೊಂಡು, ಚೀಲಗಳ ಕಡೆ ನಡೆದ. ಅವಳು ಅಲ್ಲಿಯೇ ನಿಂತಳು. ಅವನು ಲಾರಿಗೂ ರಾಶಿಗೂ ಓಡಾಡಿದ, ಒಮ್ಮೆಯೂ ಈ ಕಡೆ ತಿರುಗಲಿಲ್ಲ. ಹೊರಟುಬಿಡಬೇಕು ಅನ್ನಿಸಿತು. ಹೊರಟರೆ ಮತ್ತೆ ಬರುವ ಧೈರ್ಯ ಬರುವುದಿಲ್ಲ ಎಂದು ಗೊತ್ತಿತ್ತು. ತಗಡಿನ ನೆರಳಿಗೆ ಸರಿದು ಕೂತಳು. ಲಾರಿ ತುಂಬಿ ಹೋಗಲು ಎರಡು ತಾಸು ಹಿಡಿಯಿತು. ಆಮೇಲೆ ಅವನು ನಲ್ಲಿಯಲ್ಲಿ ಮುಖ ತೊಳೆದು, ಬಂದು, ಅವಳಿಂದ ಒಂದು ಮಾರು ದೂರದಲ್ಲಿ ಕೂತ.

“ಕೇಳ್ರಿ ಏನು ಕೇಳ್ತೀರೋ,” ಎಂದ.

ಅವನು ಹೇಳಿದ್ದನ್ನು ಅವಳು ಬರೆದುಕೊಂಡಳು. ಮರಿ ಜೊತೆಗಿದ್ದ ಹೆಣ್ಣು ಕರಡಿ. ಮೊದಲು ಕಂಬಳಿ ಎಸೆದ, ಅದು ಬಿಡಲಿಲ್ಲ. ಬಡಿಗೆಯಲ್ಲಿ ಹೊಡೆದ, ಎಷ್ಟು ಏಟು ಎಂಬುದು ಗೊತ್ತಿಲ್ಲ. ಅಣ್ಣನ ಮುಖ ಕೈಗೆ ಬಂದಂತಾಗಿತ್ತು, ಅದನ್ನು ಇದ್ದಲ್ಲಿ ಕೂಡಿಸಿ ಟವೆಲ್ ಸುತ್ತಿದ. ಅಣ್ಣ ‘ಬಿಟ್ಟು ಹೋಗಬ್ಯಾಡ’ ಅಂದ. ಬಿಟ್ಟು ಹೋಗಲೇಬೇಕಿತ್ತು.

“ಅದೊಂದು ಮಾತು ಮಾತ್ರ ನನಗ ಇವತ್ತಿಗೂ…” ಎಂದು ನಿಲ್ಲಿಸಿದ.

“ನೀವು ಯಾಕ ಹೇಳಲಿಲ್ಲ, ಊರಾಗ?”

“ಹೇಳಿದೆನ್ರಿ. ಪೇಪರ್ ಬರಾಕಿಂತ ಮುಂಚೆ ಕೇಳಿದ್ರು. ಬಂದ ಮ್ಯಾಲ ಯಾರು ಕೇಳ್ತಾರ? ಸುಳ್ಳು ಹೇಳಾಕತ್ತಾನ ಅಂದ್ರು. ನಮ್ಮ ಅತ್ತಿಗೀನೂ ಅಂದ್ಲು. ಅಣ್ಣಗ ನೆನಪೇ ಇಲ್ಲ. ಇನ್ಯಾರಿದ್ರು ಅಲ್ಲಿ?”

ಏಳುವಾಗ ಅವನು ಒಂದು ಮಾತು ಹೇಳಿದ. “ಬರೀರಿ. ಆ ಸುದ್ದಿ ಬರದಾಕಿ ನೀವ ಅಂತನೂ ಬರೀರಿ. ಆದ್ರ ಅದು ಅಚ್ಚಾಗಾಕಿಂತ ಮುಂಚೆ ನೀವ ಹೋಗಿ ಅಣ್ಣಗ ಹೇಳಬೇಕು. ಅವನು ಪೇಪರ್ ನೋಡಿ ತಿಳ್ಕಬಾರ್ದು. ಒಮ್ಮೆ ಹಂಗಾಗೈತಿ.”

ಮಾಕನಹಟ್ಟಿಗೆ ಹೋದದ್ದು ಅವಳ ಬದುಕಿನಲ್ಲೇ ಅತಿ ಉದ್ದದ ದಾರಿ. ಕಟ್ಟೆಯ ಮೇಲೆ ಹುಲುಗಣ್ಣ ಎಂದಿನಂತೆ ಎಡಮಗ್ಗುಲನ್ನು ಗೋಡೆಗೆ ಕೊಟ್ಟು ಕೂತಿದ್ದ. ಗಾಳೆಮ್ಮ ಶೇಂಗಾ ಸುಲಿಯುತ್ತಿದ್ದಳು. ಬಸ್ಸಿನಲ್ಲಿ ಹೊಂದಿಸಿಕೊಂಡು ಬಂದ ಮಾತುಗಳೆಲ್ಲ ಹಾರಿಹೋಗಿದ್ದವು. ನೋಟುಬುಕ್ಕನ್ನು ತೆಗೆದು ಆ ಹಾಳೆಯನ್ನೇ ಓದಿಬಿಟ್ಟಳು. ಗಾದಿಲಿಂಗಪ್ಪನ ಡೈರಿಯಲ್ಲಿದ್ದದ್ದನ್ನು ಓದಿದಳು. ಟವೆಲ್ಲಿನ ವಿಷಯ ಹೇಳಿದಳು. ಬರೆದವಳು ನಾನು ಎಂದಳು.

ಗಾಳೆಮ್ಮನ ಕೈ ನಿಂತಿತು. ಹುಲುಗಣ್ಣ ಮೊದಲು ಅರ್ಥವಾಗದವನಂತೆ ಕೂತಿದ್ದ.

“ಬಡಿಗಿ ಮುರಿದಿತ್ತಾ?” ಎಂದು ಕೇಳಿದ.

“ಮುರಿದಿತ್ತು.”

“ನಾನು ಅವಂಗ ಏನೇನು ಅಂದೀನಿ ಗೊತ್ತೇನ್ರಿ ನಿಮಗ? ನಮ್ಮವ್ವ ಸತ್ತಾಗ ಹೆಣ ಮುಟ್ಟಾಕ ಬಿಟ್ಟಿಲ್ಲ ಅವನ್ನ.” ದನಿ ಏರಿತು. ಹೊಲಿದ ತುಟಿಯಿಂದ ಮಾತು ಒಡೆದು ಒಡೆದು ಬಂತು. “ನೀವು ಎಲ್ಲೋ ಕುಂತು ಬರದುಬಿಟ್ರಿ. ನಾನು ಅದನ್ನ ರೇಷನ್ ಕಾರ್ಡಿನ ಜತಿ ಇಟಗೊಂಡೀನಿ.”

“ತಪ್ಪಾಗೈತ್ರಿ,” ಎಂದಳು ಕೊಟ್ರಬಸಮ್ಮ.

“ಹೋಗ್ರಿ,” ಎಂದ ಅವನು. “ಈಗ ಹೋಗ್ರಿ ಇಲ್ಲಿಂದ.”

ಗಾಳೆಮ್ಮ ಒಳಗೆ ಹೋಗಿದ್ದಳು. ಗೋಡೆಗೆ ಹಣೆ ಹಚ್ಚಿ ನಿಂತದ್ದು ಬಾಗಿಲಿನಿಂದ ಕಾಣುತ್ತಿತ್ತು.

ಲೇಖನವನ್ನು ಅವಳು ಆರು ಸಲ ಬರೆದಳು. ಅಂಗಡಿಗೆ ಬಂದವರಿಗೆ ಆಧಾರ್ ಕಾರ್ಡಿನ ಬದಲು ಬೇರೇನನ್ನೋ ಜೆರಾಕ್ಸ್ ಮಾಡಿ ಕೊಟ್ಟಳು. ಪ್ರತಿ ವಾಕ್ಯ ಬರೆದ ಮೇಲೂ ಇದನ್ನು ಇನ್ನೊಂದು ರೀತಿ ಓದಬಹುದೇ ಎಂದು ನೋಡಿದಳು. ನೋಡಿದಷ್ಟೂ ಎಲ್ಲವನ್ನೂ ಇನ್ನೊಂದು ರೀತಿ ಓದಬಹುದು ಅನ್ನಿಸಿತು. ತನ್ನ ತಪ್ಪನ್ನು ಎಲ್ಲಿ ಹೇಳಬೇಕು? ಮೊದಲೇ ಹೇಳಿದರೆ ಲೇಖನ ತನ್ನ ಬಗ್ಗೆ ಆಗುತ್ತದೆ. ಕೊನೆಗೆ ಹೇಳಿದರೆ ಬಚ್ಚಿಟ್ಟಂತೆ ಕಾಣುತ್ತದೆ. ಅಂತೂ ಪೇಪರ್ ತುಂಡು ಬಿಚ್ಚುವ ಜಾಗದಲ್ಲೇ, ಎರಡೇ ಸಾಲಿನಲ್ಲಿ, ಅದನ್ನು ಬರೆದವಳು ನಾನು ಎಂದು ಇಟ್ಟಳು.

ಪ್ರವೀಣಕುಮಾರ್ ಓದಿ ಫೋನ್ ಮಾಡಿದ. ಪ್ರತಿಯೊಂದನ್ನೂ ವಿಚಾರಿಸಿದ, ಗಾದಿಲಿಂಗಪ್ಪನ ಡೈರಿಯ ಹಾಳೆಯ ಫೋಟೊ ತರಿಸಿಕೊಂಡ, ತಿಪ್ಪೇಶನ ಜೊತೆ ತಾನೇ ಮಾತಾಡಿದ. ಕೊನೆಗೆ ಕೇಳಿದ: “ಮೇಡಂ, ಆ ಎರಡು ಸಾಲು ಇರಲೇಬೇಕಾ? ನಿಮ್ಮ ಪತ್ರಿಕೆಯವರು ಸುಮ್ಮನಿರಲ್ಲ. ಒಂದು ಪತ್ರಿಕೆ ಅಂತ ಬರೆದರೂ ಆಗುತ್ತೆ.”

“ಇರಲಿ,” ಎಂದಳು. ಹೇಳಿದ ಮೇಲೆ ಒಂದು ಗಂಟೆ ಪಶ್ಚಾತ್ತಾಪಪಟ್ಟಳು. ಮತ್ತೆ ಫೋನ್ ಮಾಡಿ ತೆಗೆಸಲಿಲ್ಲ.

ಅಚ್ಚಾಗಿ ಬರಲು ಇನ್ನೂ ಒಂದು ತಿಂಗಳು ಹಿಡಿಯಿತು. ಹುಲುಗಣ್ಣನ ಮನೆಗೆ ಎರಡು ಸಲ ಫೋನ್ ಮಾಡಿದಳು, ಎತ್ತಲಿಲ್ಲ. ಹಾಕಬೇಡ ಎಂದು ಅವನು ಹೇಳಿರಲಿಲ್ಲ, ಹಾಕು ಎಂದೂ ಹೇಳಿರಲಿಲ್ಲ. ಕೊನೆಗೆ ತಿಪ್ಪೇಶನ ಕೈಯಲ್ಲಿ ಹೇಳಿ ಕಳಿಸಿದಳು: ಬೇಡವೆಂದರೆ ನಿಲ್ಲಿಸುತ್ತೇನೆ. ತಿಪ್ಪೇಶ ಮೂರು ದಿನದ ಮೇಲೆ ಉತ್ತರ ತಂದ. “ಹಾಕ್ರಿ ಅಂದಾನ್ರಿ. ಊರೋರು ಓದಿದ್ದು ಪೇಪರ್ನಾಗ, ಊರೋರು ತಿಳ್ಕಬೇಕಾದ್ದೂ ಹಂಗ ಅಂದಾನ.”

ಮಾಸಪತ್ರಿಕೆ ಬಂದ ನಾಲ್ಕನೆಯ ದಿನ ದಿನಪತ್ರಿಕೆಯ ಕಚೇರಿಯಿಂದ ಫೋನ್ ಬಂತು. ಹಿರಿಯ ವರದಿಗಾರರು ಕೂಗಾಡಲಿಲ್ಲ. “ನೀವು ಪ್ರಾಮಾಣಿಕರಾದಿರಿ, ನಮ್ಮ ಪತ್ರಿಕೆ ಸುಳ್ಳು ಬರೆಯುವ ಪತ್ರಿಕೆ ಆಯಿತು,” ಎಂದರು. “ಇನ್ನು ಮೇಲೆ ಕೊಟ್ಟೂರಿನ ಸುದ್ದಿ ಬೇರೆಯವರು ಕಳಿಸುತ್ತಾರೆ.” ಹದಿನಾಲ್ಕು ವರ್ಷದ ಕೆಲಸ ಒಂದು ನಿಮಿಷದಲ್ಲಿ ಮುಗಿಯಿತು. ಅವಳು ಆ ದಿನ ಅಂಗಡಿ ಮುಚ್ಚಲಿಲ್ಲ. ಬಂದವರಿಗೆಲ್ಲ ಜೆರಾಕ್ಸ್ ಮಾಡಿ ಕೊಡುತ್ತಲೇ ಇದ್ದಳು.

ದೀಪಾವಳಿ ಕಳೆದ ಮೇಲೆ ಒಂದು ಬೆಳಿಗ್ಗೆ ಗಾಳೆಮ್ಮ ಫೋನ್ ಮಾಡಿದಳು.

“ಅಕ್ಕಾರ, ಈ ಐತವಾರ ಮೈದುನ ಬರ್ತಾನ. ಬರಾಕ ಒಪ್ಯಾನ. ನೀವೂ ಬರ್ರಿ ಅಂದಾನ ನಮ್ಮೋನು. ಬೈಯಾಕಲ್ಲ, ಬರ್ರಿ.”

ಬೈಯಲು ಕರೆದಿದ್ದರೂ ಹೋಗುತ್ತಿದ್ದಳು. ಅವಳು ಹೋಗುವಷ್ಟರಲ್ಲಿ ರಾಮಾಂಜನೇಯ ಬಂದಾಗಿತ್ತು. ಅಣ್ಣತಮ್ಮ ಕಟ್ಟೆಯ ಮೇಲೆ ಕೂತಿದ್ದರು. ಮಾತು ಬಹಳ ಇರಲಿಲ್ಲ. ಯಾರ ಹೊಲ ಯಾರು ಮಾರಿದರು, ಯಾವ ಬೋರಿನಲ್ಲಿ ನೀರು ಬಿತ್ತು, ಅಂಥ ಮಾತುಗಳೇ. ಊರಿನ ನಾಲ್ಕು ಮಂದಿ ಬಂದು ನಿಂತು, ಏನು ಹೇಳಬೇಕೋ ತಿಳಿಯದೆ, ಆರಾಮೇನೋ ರಾಮಾಂಜಿ ಎಂದು ಕೇಳಿ ಹೋದರು. ಊಟಕ್ಕೆ ಕೂತಾಗ ಗಾಳೆಮ್ಮ ಮೈದುನನಿಗೆ ರೊಟ್ಟಿ ಹಾಕಿದಳು, ಹಾಕುತ್ತಲೇ ಇದ್ದಳು. ಸಾಕು ಅಂದರೂ ಹಾಕಿದಳು. ಅವನು ಎಲ್ಲವನ್ನೂ ತಿಂದ. ಹುಲುಗಣ್ಣ ಅಡುಗೆ ಮನೆಯ ಬಾಗಿಲಿನಲ್ಲಿ ತಮ್ಮನಿಗೆ ನೇರ ಮುಖ ಕೊಟ್ಟು ಕೂತಿದ್ದ.

ಇಲ್ಲಿಯೇ ಉಳಿ ಎಂದರು. ರಾಮಾಂಜನೇಯ ಒಪ್ಪಲಿಲ್ಲ. ನಾಳೆ ಲೋಡು ಇದೆ ಎಂದ. ಇನ್ನೊಮ್ಮೆ ಬರುತ್ತೇನೆ ಎಂದ. ಯಾವಾಗ ಎಂದು ಹೇಳಲಿಲ್ಲ.

ಕೂಡ್ಲಿಗಿಯಿಂದ ಹರಪನಹಳ್ಳಿಗೆ ಹೋಗುವ ಬಸ್ಸು ಕೊಟ್ಟೂರಿನ ಮೇಲೆ ಹೋಗುತ್ತದೆ. ಸಂಜೆಯ ಬಸ್ಸಿನಲ್ಲಿ ಇಬ್ಬರೂ ಹತ್ತಿದರು. ಅವಳ ಮುಂದಿನ ಸೀಟಿನಲ್ಲಿ ಅವನು ಕೂತ. ಬಸ್ಸು ಅರ್ಧ ದಾರಿ ಸಾಗಿತು. ಆಮೇಲೆ ಅವನು ಹಿಂದಕ್ಕೆ ತಿರುಗಿದ.

“ಆ ಹಡಗಲಿ ಹುಡುಗಿಗೆ ಈಗ ಮೂರು ಮಕ್ಕಳಂತ್ರಿ,” ಎಂದ. ಕಹಿ ಇರಲಿಲ್ಲ ದನಿಯಲ್ಲಿ. ಸುದ್ದಿ ಹೇಳಿದ ಹಾಗಿತ್ತು. ಮತ್ತೆ ಕೇಳಿದ: “ಅಕ್ಕಾರ, ಹದಿನಾಲ್ಕು ವರ್ಷದಾಗ ಇನ್ನೆಷ್ಟು ಮಂದೀದು ಬರದೀರಿ?”

“ಸಾವಿರ ಆಗಿರಬಹುದು. ಹೆಚ್ಚೇ.”

“ಅವೆಲ್ಲ ಸರಿ ಅದಾವೇನ್ರಿ?”

ಅವನು ಚುಚ್ಚಲು ಕೇಳಿರಲಿಲ್ಲ. ಅವಳು ಕಿಟಕಿಯ ಸರಳನ್ನು ಹಿಡಿದುಕೊಂಡಳು.

“ಗೊತ್ತಿಲ್ಲ,” ಎಂದಳು.

ರಾಮಾಂಜನೇಯ ತಲೆಯಾಡಿಸಿದ. ಆ ಉತ್ತರ ಅವನಿಗೆ ಸಾಕಾದಂತಿತ್ತು, ಮತ್ತೆ ಮುಂದಕ್ಕೆ ತಿರುಗಿ ಕೂತ. ಕೊಟ್ಟೂರಿನಲ್ಲಿ ಅವಳು ಇಳಿಯುವಾಗ, “ಹುಷಾರಾಗಿ ಇಳಿರಿ, ಮೆಟ್ಲು ಎತ್ತರ ಐತಿ,” ಎಂದ.

ಈಗ ಕೊಟ್ರಬಸಮ್ಮ ಯಾವ ದಿನಪತ್ರಿಕೆಗೂ ಬರೆಯುವುದಿಲ್ಲ. ಪ್ರವೀಣಕುಮಾರ್ ಇನ್ನೊಂದು ಲೇಖನ ಕೇಳಿದ್ದಾನೆ, ಹಲವಾಗಲಿನ ಹೊಳೆದಂಡೆಯಲ್ಲಿ ಹರಿಗೋಲು ಹಾಕುವವರ ಬಗ್ಗೆ. ಹೂಂ ಎಂದಿದ್ದಾಳೆ. ವಾರಕ್ಕೆ ಎರಡು ದಿನ ಹೋಗುತ್ತಾಳೆ, ಎಲ್ಲವನ್ನೂ ಎರಡೆರಡು ಸಲ ಕೇಳುತ್ತಾಳೆ, ಕೇಳಿದ್ದನ್ನು ಅವರಿಗೇ ಓದಿ ತೋರಿಸುತ್ತಾಳೆ. ಅಲ್ಲಿಯ ಮಂದಿ ಈ ಹೆಣ್ಮಗಳಿಗೆ ಕಿವಿ ಸ್ವಲ್ಪ ಮಂದ ಇರಬೇಕು ಎಂದುಕೊಂಡಿದ್ದಾರೆ.